ಹಲ್ಲು ಕಿತ್ತ ಕುಳಿಯಲ್ಲಿ ಏನು ನಡೆಯುತ್ತದೆ?

ಬಿದ್ದ ಹಾಲುಹಲ್ಲನ್ನು ಸಗಣಿಯ ಉಂಡೆಯೊಳಗಿಟ್ಟು ಹೆಂಚಿನ ಮೇಲೆ ಎಸೆಯುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಎಸೆಯುವ ಮುನ್ನ ಅದನ್ನು ಅಂಗೈಯಲ್ಲಿ ಮಗುಚಿ ನೋಡಿದರೆ, ಆ ಹಲ್ಲಿಗೆ ಬೇರೇ ಇಲ್ಲದಿರುವುದು ಕಾಣುತ್ತದೆ. ಪುಟ್ಟ ಬಿಳಿಯ ತಲೆ, ಅದರಡಿಯಲ್ಲಿ ಇಲಿ ಕಡಿದಂತಹ ಒರಟು ಅಂಚು, ಅಷ್ಟೆ. ಬೇರು ಮುರಿದು ಒಸಡಿನೊಳಗೇ ಉಳಿಯಿತೇನೋ ಎಂದು ಗಾಬರಿಯಾಗುವ ತಂದೆತಾಯಂದಿರನ್ನು ನಾನು ಕಂಡಿದ್ದೇನೆ. ಕೆಳಗಿನಿಂದ ಮೇಲೇಳುವ ಶಾಶ್ವತ ಹಲ್ಲಿಗೆ ದಾರಿ ಬಿಡುವುದಕ್ಕಾಗಿ ದೇಹವೇ ಆ ಬೇರನ್ನು ತಿಂಗಳುಗಟ್ಟಲೆ ಕರಗಿಸಿ ಹೀರಿಕೊಂಡಿರುತ್ತದೆ.

ಹೀಗೆ ತಾನಾಗಿಯೇ ಬೀಳುವ ಹಲ್ಲನ್ನು ವೈದ್ಯರು ಕೀಳಬೇಕಾಗಿ ಬರುವುದು ಹುಳುಕು ಅವಧಿಗೆ ಮೊದಲೇ ಅದರ ಒಳಜೀವವನ್ನು ಮುಟ್ಟಿ, ಬುಡದಲ್ಲಿ ಕೀವು ಕಟ್ಟಿದಾಗ. ನನ್ನ ಮಗಳಿಗೆ ಏಳು ವರ್ಷವಾಗಿದ್ದಾಗ ಕೆಳದವಡೆಯ ಮೊದಲ ಹಾಲುದವಡೆಹಲ್ಲು ಹೀಗಾಯಿತು. ಹೇಗೂ ಬೀಳುವ ಹಲ್ಲು ಎಂದು ನಾನು ಹುಳುಕನ್ನು ಅಲಕ್ಷಿಸಿದ್ದೆ. ಅದು ನನ್ನದೇ ತಪ್ಪು. ಮುಂದಿನ ಹಾಲುಹಲ್ಲುಗಳು ಆರೇಳು ವರ್ಷಕ್ಕೆ ಬೀಳತೊಡಗಿದರೂ ಹಾಲುದವಡೆಹಲ್ಲುಗಳು ಸುಮಾರು ಹತ್ತರಿಂದ ಹನ್ನೆರಡು ವರ್ಷದವರೆಗೆ ಬಾಯಲ್ಲಿರಬೇಕು. ಅವು ಅಗಿಯುವುದಕ್ಕಷ್ಟೇ ಇರುವುದಲ್ಲ, ಮುಂದೆ ಬರುವ ಹಲ್ಲಿಗೆ ಜಾಗವನ್ನೂ ಕಾಯುತ್ತವೆ. ಬೇಗ ಕಿತ್ತರೆ ಅಕ್ಕಪಕ್ಕದ ಹಲ್ಲುಗಳು ಆ ತೆರವಿಗೆ ವಾಲಿ, ಶಾಶ್ವತ ಹಲ್ಲು ಸೊಟ್ಟಗೆ ಹುಟ್ಟಬೇಕಾಗುತ್ತದೆ. ಆದ್ದರಿಂದ ಕಿತ್ತ ಮೇಲೆ ಪಕ್ಕದ ಹಲ್ಲಿಗೆ ಪಟ್ಟಿ ಕಟ್ಟಿ, ಅದರಿಂದ ತಂತಿಯ ಕುಣಿಕೆಯೊಂದನ್ನು ತೆರವಿನುದ್ದಕ್ಕೂ ಚಾಚಿಸಿ ಜಾಗ ಉಳಿಸುತ್ತಾರೆ. ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು: ಆರನೆಯ ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ, ಹುಟ್ಟುವ ದೊಡ್ಡ ದವಡೆಹಲ್ಲು ಶಾಶ್ವತವಾದದ್ದು. ಅದನ್ನು ಹಾಲುಹಲ್ಲೆಂದು ಬಗೆದು ಹುಳುಕಿಗೆ ಬಿಟ್ಟುಕೊಡುವ ಮನೆಗಳು ಬಹಳ.

ಹಲ್ಲು ಕೀಳುವುದು ಎಂಬ ಮಾತು ಕೇಳಿದೊಡನೆ ಗೋಡೆಯಿಂದ ಮೊಳೆ ಎಳೆಯುವ ಚಿತ್ರ ಮನಸ್ಸಿಗೆ ಬರುತ್ತದೆ, ಭಯದ ಮೂಲವೂ ಅದೇ. ಆದರೆ ಹಲ್ಲು ಎಲುಬಿಗೆ ಅಂಟಿಕೊಂಡಿರುವುದಿಲ್ಲ. ಬೇರಿಗೂ ಎಲುಬಿಗೂ ನಡುವೆ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ತೆಳುವಾದ ನಾರಿನ ಪದರವಿದ್ದು, ಹಲ್ಲು ಅದರಲ್ಲಿ ತೂಗುಹಾಕಿದಂತೆ ಕುಳಿತಿರುತ್ತದೆ. ವೈದ್ಯರು ಮೊದಲು ಚಪ್ಪಟೆ ಉಪಕರಣದಿಂದ ಆ ನಾರುಗಳನ್ನು ಬಿಡಿಸಿ, ಆಮೇಲೆ ಹಲ್ಲನ್ನು ಹಿಡಿದು ನಿಧಾನವಾಗಿ ಅತ್ತಿತ್ತ ಒತ್ತುತ್ತ, ಸ್ವಲ್ಪ ಬಾಗುವ ಗುಣವುಳ್ಳ ಎಲುಬಿನ ಕುಳಿಯನ್ನು ಹಿಗ್ಗಿಸುತ್ತಾರೆ. ಎಳೆಯುವುದು ಕೊನೆಯ ಕ್ಷಣದ ಕೆಲಸ. ಅಡ್ಡ ಬೆಳೆದು ಎಲುಬಿನಲ್ಲೇ ಹುದುಗಿದ ಬುದ್ಧಿಹಲ್ಲಾದರೆ ಮಾತ್ರ ಒಸಡು ಕೊಯ್ದು, ಸ್ವಲ್ಪ ಎಲುಬು ತೆಗೆದು, ಹಲ್ಲನ್ನೇ ತುಂಡರಿಸಿ ತೆಗೆಯಬೇಕಾಗಬಹುದು. ಆಗ ಹೊಲಿಗೆ ಬೀಳುತ್ತದೆ, ಎರಡು ಮೂರು ದಿನ ಕೆನ್ನೆ ಊದುತ್ತದೆ.

ಮರಗಟ್ಟಿಸಲು ಸಾಮಾನ್ಯವಾಗಿ ಬಳಸುವುದು ಲಿಗ್ನೊಕೇನ್. ಸ್ವೀಡನ್ನಿನ ರಸಾಯನ ವಿಜ್ಞಾನಿ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ರೂಪಿಸಿದ ಈ ಔಷಧ ನರದೊಳಕ್ಕೆ ಸೋಡಿಯಂ ಕಣಗಳು ಹೋಗುವ ಬಾಗಿಲನ್ನು ಮುಚ್ಚಿಬಿಡುವುದರಿಂದ ನೋವಿನ ಸುದ್ದಿ ಮಿದುಳಿಗೆ ತಲುಪುವುದೇ ಇಲ್ಲ. ಆದರೆ ಒತ್ತಡವನ್ನು ತಿಳಿಸುವ ದಪ್ಪ ನರತಂತುಗಳು ಅಷ್ಟು ಸುಲಭವಾಗಿ ಮಣಿಯುವುದಿಲ್ಲ. ಹಾಗಾಗಿ ಒತ್ತಿದ್ದು ತಿಳಿಯುತ್ತದೆ, ಕಿರ್ರೆನ್ನುವ ಸದ್ದು ಕಿವಿಗೆ ಕೇಳುತ್ತದೆ, ನೋವು ಮಾತ್ರ ಇರುವುದಿಲ್ಲ. ಮಗುವಿಗೆ ಇದನ್ನು ಮೊದಲೇ ಹೇಳಿರಬೇಕು. ಏನೂ ಗೊತ್ತಾಗುವುದಿಲ್ಲ ಎಂದು ಸುಳ್ಳು ಹೇಳಿ ಕೂರಿಸಿದರೆ, ಮೊದಲ ಒತ್ತಿಗೇ ಅದು ನಮ್ಮನ್ನು ನಂಬುವುದನ್ನು ಬಿಡುತ್ತದೆ. ಕೀವು ತುಂಬಿದ ಜಾಗದಲ್ಲಿ ಆಮ್ಲೀಯತೆ ಹೆಚ್ಚಿರುವುದರಿಂದ ಔಷಧ ನರದೊಳಕ್ಕೆ ಇಳಿಯುವುದು ಕಷ್ಟ. ಊತ ಜೋರಾಗಿದ್ದಾಗ ವೈದ್ಯರು ಬೇರೆ ಕಡೆ ಚುಚ್ಚುವುದು, ಅಥವಾ ಮೊದಲು ಕೀವು ತೆಗೆಯುವುದು ಈ ಕಾರಣಕ್ಕೆ. ಮರಗಟ್ಟಿದ ತುಟಿ ಎರಡು ಮೂರು ಗಂಟೆ ಹಾಗೆಯೇ ಇರುತ್ತದೆ. ಮನೆಗೆ ಬರುವ ದಾರಿಯಲ್ಲಿ ನನ್ನ ಮಗಳು ತನ್ನದಲ್ಲವೆಂಬಂತೆ ಭಾಸವಾಗುತ್ತಿದ್ದ ಆ ತುಟಿಯನ್ನು ಆಟಕ್ಕೆ ಅಗಿಯುತ್ತಲೇ ಇದ್ದಳು. ಹಲ್ಲಿನ ಗಾಯ ಮಾಗಿದ ಮೇಲೂ ತುಟಿಯ ಹುಣ್ಣು ಉಳಿದಿತ್ತು.

ಹಿರಿಯರು ಕುರ್ಚಿಯಲ್ಲಿ ಕೂರುವ ಮುನ್ನ ತಾವು ತೆಗೆದುಕೊಳ್ಳುತ್ತಿರುವ ಔಷಧಗಳನ್ನೆಲ್ಲ ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಹಲ್ಲಿನ ರಕ್ತಸ್ರಾವಕ್ಕಿಂತ ದೊಡ್ಡ ಅಪಾಯವನ್ನು ತರಬಲ್ಲದು. ಎಲುಬು ಸವೆತಕ್ಕಾಗಿ ಅಲೆಂಡ್ರೊನೇಟ್, ಜೊಲೆಡ್ರೊನಿಕ್ ಆಮ್ಲದಂತಹವನ್ನು ಪಡೆಯುತ್ತಿರುವವರಲ್ಲಿ ವಿರಳವಾಗಿ ದವಡೆಯ ಗಾಯ ಮಾಗದೆ ಉಳಿಯುವುದುಂಟು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ನೋಟದ ನರವೇ ಬೇರೆ, ಹಲ್ಲಿನ ನರವೇ ಬೇರೆ. ಮೇಲಿನ ಕೋರೆಹಲ್ಲಿನ ಬುಡದ ಕೀವನ್ನು ಹಾಗೆಯೇ ಬಿಟ್ಟರೆ ಊತ ಕಣ್ಣಿನ ರೆಪ್ಪೆಯವರೆಗೆ ಏರಬಹುದು.

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಶುರುವಾಗುವುದು ಹಲ್ಲು ಹೋದ ಮೇಲೆ. ಖಾಲಿ ಕುಳಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ, ಹೊಸ ಅಂಗಾಂಶ ಬೆಳೆಯುವುದು ಆ ಹೆಪ್ಪಿನೊಳಗಿಂದಲೇ. ಅರ್ಧ ಗಂಟೆ ಹತ್ತಿಬಟ್ಟೆಯನ್ನು ಗಟ್ಟಿಯಾಗಿ ಕಚ್ಚಿರಬೇಕು, ನಡುನಡುವೆ ತೆಗೆದು ನೋಡಬಾರದು. ಮೊದಲ ದಿನ ಬಾಯಿ ಮುಕ್ಕಳಿಸಬಾರದು, ಉಗುಳಬಾರದು. ಎಳನೀರನ್ನಾದರೂ ಕೊಳವೆಯಿಂದ ಹೀರದೆ ಲೋಟಕ್ಕೆ ಸುರಿದು ಕುಡಿಯಬೇಕು, ಏಕೆಂದರೆ ಹೀರುವ ಸೆಳೆತಕ್ಕೆ ಹೆಪ್ಪು ಕಿತ್ತುಬರಬಹುದು. ಎಂಜಲು ಕೆಂಪಾಗಿ ಕಂಡರೆ ಹೆದರಬೇಕಿಲ್ಲ, ನಾಲ್ಕು ಹನಿ ರಕ್ತ ಬಾಯಿ ತುಂಬ ಎಂಜಲನ್ನು ಕೆಂಪಾಗಿಸುತ್ತದೆ. ಒತ್ತಿ ಹಿಡಿದರೂ ನಿಲ್ಲದೆ ರಕ್ತವೇ ತುಂಬಿಕೊಳ್ಳುತ್ತಿದ್ದರೆ ಮಾತ್ರ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಆರಿದ ಗಂಜಿ, ಮೊಸರನ್ನ ಸಾಕು. ಮರುದಿನದಿಂದ ಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ಹಿಡಿದು ಮೆಲ್ಲನೆ ಚೆಲ್ಲಬಹುದು.

ಹೆಪ್ಪು ಉದುರಿಹೋದರೆ ಎಲುಬು ಬರಿದಾಗುತ್ತದೆ. ಇಳಿಯುತ್ತಿದ್ದ ನೋವು ಎರಡರಿಂದ ನಾಲ್ಕನೆಯ ದಿನದ ನಡುವೆ ಇದ್ದಕ್ಕಿದ್ದಂತೆ ಕಿವಿಯವರೆಗೆ ಸಿಡಿಯತೊಡಗಿ, ಬಾಯಿ ದುರ್ವಾಸನೆ ಬೀರಿದರೆ ಅದೇ ಒಣಕುಳಿ. ಕೆಳದವಡೆಯ ಹಿಂದಿನ ಹಲ್ಲುಗಳಲ್ಲಿ ಇದು ಹೆಚ್ಚು, ಬೀಡಿ ಸಿಗರೇಟು ಸೇದುವವರಲ್ಲಿ ಇನ್ನೂ ಹೆಚ್ಚು. ಎಲೆಯಡಿಕೆ, ಗುಟ್ಕಾದ ಅಭ್ಯಾಸವಿರುವವರೂ ಗಾಯ ಮಾಗುವವರೆಗೆ ಅವನ್ನು ದೂರವಿಡಬೇಕು. ನೋವಿನ ಮಾತ್ರೆಗಳನ್ನು ಹೆಚ್ಚಿಸುತ್ತ ಸಹಿಸಿಕೊಂಡು ಕೂರುವುದು ವ್ಯರ್ಥ. ವೈದ್ಯರು ಕುಳಿ ತೊಳೆದು, ಲವಂಗದೆಣ್ಣೆಯಲ್ಲಿರುವ ಯೂಜೆನಾಲ್ ಬೆರೆತ ಮದ್ದನ್ನಿಟ್ಟರೆ ಸಾಮಾನ್ಯವಾಗಿ ಅಂದೇ ಆರಾಮ ಸಿಗುತ್ತದೆ.

ಒಸಡು ಎರಡು ಮೂರು ವಾರಗಳಲ್ಲಿ ಮುಚ್ಚಿಕೊಂಡರೂ ಒಳಗಿನ ಎಲುಬು ತುಂಬಿಕೊಳ್ಳಲು ತಿಂಗಳುಗಳೇ ಬೇಕು. ನನ್ನ ಮಗಳ ಬಾಯಲ್ಲಿ ತಂತಿಯ ಕುಣಿಕೆ ಮೂರು ವರ್ಷವಿತ್ತು. ಹತ್ತನೆಯ ವಯಸ್ಸಿನಲ್ಲಿ ಆ ಕುಣಿಕೆಯ ನಡುವೆಯೇ ಹೊಸ ಹಲ್ಲಿನ ಮೊನೆ ಬೆಳ್ಳಗೆ ಕಾಣಿಸಿತು. ಮರುವಾರ ವೈದ್ಯರು ತಂತಿ ಬಿಚ್ಚಿದರು.