ಬಾವಿಯ ಹಾವು, ಬಾವಿಯ ಒಡೆತನ

ಉತ್ತರ ನೈಜೀರಿಯದ ದೌರಾ ಪಟ್ಟಣದಲ್ಲಿ ಕುಸುಗು ಎಂಬ ಹಳೆಯ ಬಾವಿಯಿದೆ. ಆ ಭಾಗದ ಹೌಸಾ ಜನರ ರಾಜ್ಯಗಳ ಹುಟ್ಟಿನ ಐತಿಹ್ಯ ಶುರುವಾಗುವುದೇ ಇಲ್ಲಿಂದ. ಬಾವಿಯಲ್ಲಿದ್ದ ಹಾವು ಶುಕ್ರವಾರ ಮಾತ್ರ ನೀರು ಸೇದಲು ಬಿಡುತ್ತಿತ್ತಂತೆ. ಪರದೇಶದಿಂದ ಬಂದ ಬಯಜಿದ್ದ ಎಂಬ ರಾಜಕುಮಾರ ಅದರ ತಲೆ ಕಡಿದ. ದೌರಾದ ರಾಣಿ ಅವನ ಕೈಹಿಡಿದಳು. ಕಾನೊ, ಕಟ್ಸಿನಾ ಮೊದಲಾದ ಏಳು ರಾಜ್ಯಗಳ ಅರಸರು ಆ ವಂಶದವರೆಂಬುದು ನಂಬಿಕೆ.

ಸೋನಿಂಕೆ ಜನರ ಕಥೆಯಲ್ಲಿ ಇದೆಲ್ಲ ತಿರುವುಮುರುವು. ಅವರ ವಗಾದು, ಅಂದರೆ ಇಂದಿನ ಮೌರಿಟಾನಿಯ ಮತ್ತು ಮಾಲಿಯ ನೆಲದಲ್ಲಿದ್ದ ಪ್ರಾಚೀನ ಘಾನಾ ಸಾಮ್ರಾಜ್ಯ. ಅಲ್ಲಿನ ಬಾವಿಯ ಬಿದಾ ಎಂಬ ಸರ್ಪ ವರ್ಷಕ್ಕೊಬ್ಬ ಕನ್ಯೆಯನ್ನು ಬಲಿ ಪಡೆದು ಮಳೆಯನ್ನೂ ಚಿನ್ನವನ್ನೂ ಕೊಡುತ್ತಿತ್ತು. ಬಲಿಗೆ ಹೊರಟವಳ ಪ್ರಿಯಕರ ಅದನ್ನು ಕೊಂದ. ಏಳು ವರ್ಷ ಬರ ಬಿತ್ತು, ಜನ ಚದುರಿದರು.

ಒಂದು ಕಡೆ ಹಾವು ಸತ್ತು ರಾಜ್ಯ ಹುಟ್ಟಿತು, ಇನ್ನೊಂದು ಕಡೆ ಅಳಿಯಿತು. ಎರಡರಲ್ಲೂ ಬಾವಿಗೊಂದು ಕಾವಲಿದೆ, ನೀರಿಗೊಂದು ಮಿತಿಯಿದೆ. ಇದು ಬರೀ ಕಲ್ಪನೆಯೆಂದು ನನಗನಿಸುವುದಿಲ್ಲ.

ಸಹಾರಾದ ದಕ್ಷಿಣ ಅಂಚಿನ ಸಾಹೆಲ್‌ನಲ್ಲಿ ಮಳೆ ಮೂರ್ನಾಲ್ಕು ತಿಂಗಳು ಮಾತ್ರ. ಹೊಂಡಗಳು ಬತ್ತಿದ ಮೇಲೆ ಬಾವಿಯೇ ಗತಿ. ಬೇಸಿಗೆಯಲ್ಲಿ ಒಂದು ಹಸು ದಿನಕ್ಕೆ ಸುಮಾರು 30 ಲೀಟರ್ ಕುಡಿಯುತ್ತದೆ. ನೂರು ಹಸುಗಳಿಗೆ 3,000 ಲೀಟರ್ ಬೇಕು. 20 ಲೀಟರ್ ಹಿಡಿಯುವ ತೊಗಲಿನ ಚೀಲದಲ್ಲಿ ಸೇದಿದರೆ ದಿನಕ್ಕೆ 150 ಸಲ, ಹತ್ತಾರು ಮೀಟರ್ ಆಳದಿಂದ! ಹಗ್ಗ ಎಳೆಯುವ ಶಕ್ತಿಯೇ ಮಂದೆಯ ಗಾತ್ರವನ್ನು ಕಟ್ಟಿಹಾಕುತ್ತಿತ್ತು. ಬಾವಿ ತೋಡಿದ ಮನೆತನ ಯಾರಿಗೆ ಸರದಿ ಎಂದು ತೀರ್ಮಾನಿಸುತ್ತಿತ್ತು. ನೀರಿಲ್ಲದೆ ಹುಲ್ಲುಗಾವಲು ನಿರುಪಯುಕ್ತವಾದ್ದರಿಂದ, ಬಾವಿಯ ಒಡೆಯನೇ ಸುತ್ತಲ ನೆಲಕ್ಕೂ ಒಡೆಯ.

1950ರ ದಶಕದಲ್ಲಿ ಫ್ರೆಂಚ್ ವಸಾಹತು ಆಡಳಿತ ಸೆನೆಗಲ್‌ನ ಫೆರ್ಲೊ ಮುಂತಾದೆಡೆ ಯಂತ್ರ ಕೂರಿಸಿದ ಆಳದ ಕೊಳವೆ ಬಾವಿಗಳನ್ನು ಕೊರೆಸಿತು. ಸ್ವತಂತ್ರ ಸರ್ಕಾರಗಳೂ ಅದೇ ದಾರಿ ಹಿಡಿದವು. ಸರ್ಕಾರಿ ನೀರು, ಯಾರು ಬೇಕಾದರೂ ಬರಬಹುದು. ಸಾವಿರಾರು ದನಗಳು ಸೇರಿದವು. ಸುತ್ತಲಿನ ಹುಲ್ಲು ಬೇರುಸಹಿತ ಹೋಯಿತು. 1970ರ ದಶಕದ ಆರಂಭದ ಭೀಕರ ಬರದಲ್ಲಿ ಅನೇಕ ಕೊಳವೆ ಬಾವಿಗಳ ಪಕ್ಕದಲ್ಲೇ ದನಗಳು ಸತ್ತವು. ಅವುಗಳನ್ನು ಕೊಂದದ್ದು ಬಾಯಾರಿಕೆಗಿಂತ ಹೆಚ್ಚಾಗಿ ಹಸಿವು. ನೀರು ಕೊಟ್ಟ ಎಂಜಿನಿಯರುಗಳು ಮೇವಿನ ಲೆಕ್ಕವನ್ನೂ, ದನಗಾಹಿಗಳ ಹಳೆಯ ಕಟ್ಟಳೆಯನ್ನೂ ಕೇಳಬೇಕಿತ್ತು.

ನೈಜರ್ ದೇಶ 2010ರಲ್ಲಿ ಪಶುಪಾಲನೆಗೆಂದೇ ಕಾನೂನು ತಂದು, ದನಗಾಹಿಗಳಿಗೆ ತಮ್ಮ ನೆಲೆಯ ನೀರು ಮತ್ತು ಮೇವಿನ ಮೇಲೆ ಆದ್ಯತೆಯ ಹಕ್ಕನ್ನು ಒಪ್ಪಿಕೊಂಡಿತು.