ರಾತ್ರಿ ಊಟ ಬಿಟ್ಟರೂ ಬೆಳಿಗ್ಗೆ ಶುಗರ್ ಏರುವುದೇಕೆ?

ಪ್ರಶ್ನೆ: ರಾತ್ರಿ ಎರಡೇ ಚಪಾತಿ ತಿಂದು ಮಲಗುತ್ತೇನೆ. ಮಲಗುವಾಗ 130 ಇದ್ದ ಶುಗರ್ ಬೆಳಿಗ್ಗೆ 160 ಆಗಿರುತ್ತದೆ. ಊಟವನ್ನೇ ಬಿಡಲೇ?

ಬಿಡಬೇಡಿ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಬಾಯಿಗೆ ಹಾಕಿದ್ದಷ್ಟೇ ರಕ್ತದಲ್ಲಿ ಸಕ್ಕರೆಯಾಗುತ್ತದೆ ಎಂಬ ನಂಬಿಕೆಯೇ ಇದಕ್ಕೆ ಮೂಲ.

ಲೆಕ್ಕ ಹಾಕಿ ನೋಡಿ. ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಶುಗರ್ 100 (ಅಂದರೆ 100 ಮಿ.ಲೀ. ರಕ್ತದಲ್ಲಿ 100 ಮಿ.ಗ್ರಾಂ) ಇದ್ದರೆ ಅಷ್ಟೂ ರಕ್ತದಲ್ಲಿರುವ ಗ್ಲೂಕೋಸ್ 5 ಗ್ರಾಂ, ಅಂದರೆ ಒಂದು ಟೀ ಚಮಚ. ಮಿದುಳೊಂದಕ್ಕೇ ಗಂಟೆಗೆ ಸುಮಾರು 5 ಗ್ರಾಂ ಬೇಕು. ಊಟವೊಂದೇ ಆಧಾರವಾಗಿದ್ದರೆ ನಡುರಾತ್ರಿಯೇ ಪ್ರಜ್ಞೆ ತಪ್ಪಬೇಕಿತ್ತು. ತಪ್ಪುವುದಿಲ್ಲ, ಏಕೆಂದರೆ ಲಿವರ್ ತನ್ನಲ್ಲಿ ಕೂಡಿಟ್ಟ ಸುಮಾರು 100 ಗ್ರಾಂ ಗ್ಲೈಕೋಜನ್ (ಗ್ಲೂಕೋಸಿನ ದಾಸ್ತಾನು ರೂಪ) ಕರಗಿಸುತ್ತದೆ, ಜೊತೆಗೆ ಹೊಸ ಗ್ಲೂಕೋಸನ್ನೂ ತಯಾರಿಸುತ್ತದೆ. 60 ಕೆ.ಜಿ. ತೂಕದವರಲ್ಲಿ ಇದು ಗಂಟೆಗೆ ಸುಮಾರು 7 ಗ್ರಾಂ. ಲಿವರ್‌ಗೆ ಗ್ಲೂಕೋಸ್ ಬಿಡು ಎನ್ನುವ ಹಾರ್ಮೋನ್ ಗ್ಲುಕಗಾನ್, ಸಾಕು ಎನ್ನುವುದು ಇನ್ಸುಲಿನ್. ಟೈಪ್ 2 ಡಯಾಬಿಟಿಸ್‌ನಲ್ಲಿ ಲಿವರ್ ಇನ್ಸುಲಿನ್ನಿನ ಮಾತು ಸರಿಯಾಗಿ ಕೇಳುವುದಿಲ್ಲ. ಸಾಲದ್ದಕ್ಕೆ ನಸುಕಿನಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನ್ ಏರುತ್ತದೆ, ರಾತ್ರಿ ಸ್ರವಿಸಿದ ಗ್ರೋತ್ ಹಾರ್ಮೋನ್ ಪ್ರಭಾವವೂ ಸೇರುತ್ತದೆ. ಎರಡೂ ಇನ್ಸುಲಿನ್‌ಗೆ ಎದುರು ನಿಲ್ಲುವಂಥವು. ಡಯಾಬಿಟಿಸ್ ಇಲ್ಲದವರಲ್ಲಿ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಕೊಟ್ಟು ಸರಿದೂಗಿಸುತ್ತದೆ. ನಿಮ್ಮಲ್ಲಿ ಅಷ್ಟು ಸಾಲದು.

ಊಟ ಬಿಟ್ಟರೆ ಈ ಲಿವರ್ ಸುಮ್ಮನಾಗುವುದಿಲ್ಲ. ಇನ್ಸುಲಿನ್ ಇಳಿದು ಗ್ಲುಕಗಾನ್ ಏರುತ್ತದೆ, ಅದರ ಕೆಲಸ ಮುಂದುವರಿಯುತ್ತದೆ. ಇನ್ಸುಲಿನ್ ಹೆಚ್ಚು ಸ್ರವಿಸುವಂತೆ ಮಾಡುವ ಗ್ಲಿಮಿಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟರಂತೂ ನಿದ್ದೆಯಲ್ಲೇ ಶುಗರ್ 70ಕ್ಕಿಂತ ಕೆಳಗಿಳಿಯಬಹುದು. ಅದು ಪ್ರಾಣಾಪಾಯ. "ಉಣ್ಣಲಿಲ್ಲ, ಮಾತ್ರೆ ಯಾಕೆ" ಎಂದು ಮೆಟ್‌ಫಾರ್ಮಿನ್ ಬಿಡುವವರೂ ಇದ್ದಾರೆ. ಅದು ಮುಖ್ಯವಾಗಿ ಲಿವರ್ ಬಿಡುವ ಗ್ಲೂಕೋಸನ್ನೇ ತಗ್ಗಿಸುವ ಮಾತ್ರೆ! ಉಪವಾಸದ ದಿನ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂದು ವೈದ್ಯರನ್ನು ಮೊದಲೇ ಕೇಳಿಡಿ.

ಎರಡು ಮೂರು ದಿನ ಮಲಗುವಾಗ, ರಾತ್ರಿ 3ಕ್ಕೆ, ಎದ್ದ ಕೂಡಲೇ ಹೀಗೆ ಮೂರು ಸಲ ನೋಡಿ ಬರೆದಿಡಿ. 3ಕ್ಕೆ ಸರಿಯಿದ್ದು ಆಮೇಲೆ ಏರಿದರೆ ಅದು ನಸುಕಿನ ಹಾರ್ಮೋನುಗಳ ಏರಿಕೆ. ಮಲಗುವಾಗಲೇ ಹೆಚ್ಚಿದ್ದರೆ ರಾತ್ರಿಯ ಊಟವನ್ನೋ ಔಷಧಿಯನ್ನೋ ನೋಡಬೇಕು. 70ಕ್ಕಿಂತ ಕಡಿಮೆಯಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಅಂದೇ ವೈದ್ಯರಿಗೆ ತಿಳಿಸಿ. ಬೆಳಗಿನ ಅಂಕಿ ನೋಡಿ ಇನ್ಸುಲಿನ್ ಡೋಸ್ ನೀವೇ ಏರಿಸಬೇಡಿ.

ಇನ್ನೊಂದು ಮಾತು, ಕೇಳಿದವರು ಕಡಿಮೆ. ಖಾಲಿ ಹೊಟ್ಟೆಯಲ್ಲಿ ಜೋರಾಗಿ ಓಡಿದರೆ ಅಡ್ರಿನಲಿನ್ ಏರಿ ಲಿವರ್ ಮತ್ತಷ್ಟು ಗ್ಲೂಕೋಸ್ ಬಿಡುತ್ತದೆ. ಓಡಿ ಬಂದ ಕೂಡಲೇ ಬೆರಳು ಚುಚ್ಚಿ ಗಾಬರಿಯಾಗಬೇಡಿ. ನಡಿಗೆಯ ಕಥೆ ಬೇರೆ. ದುಡಿಯುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ರಾತ್ರಿ ಉಂಡ ಮೇಲೆ 15 ನಿಮಿಷ ನಡೆಯಿರಿ.