ಓದುಗರ ಪ್ರಶ್ನೆ: ರೇಡಿಯೇಷನ್ ಮುಗಿದರೂ ಬಾಯಿ ಯಾಕೆ ಒಣಗುತ್ತಲೇ ಇದೆ?

ಪ್ರಶ್ನೆ: ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಷನ್ ಮುಗಿದು ನಾಲ್ಕು ತಿಂಗಳಾಯ್ತು. ಸ್ಕ್ಯಾನ್ ಚೆನ್ನಾಗಿದೆ ಅಂದಿದ್ದಾರೆ. ಆದರೆ ಬಾಯಿ ಒಣಗುವುದು ನಿಂತಿಲ್ಲ, ಊಟವೂ ರುಚಿಸುತ್ತಿಲ್ಲ. ಮೊದಲಿನ ಹಾಗೆ ಆಗುವುದು ಯಾವಾಗ?

ಉತ್ತರ: ರುಚಿ ಬಹುಪಾಲು ವಾಪಸ್ ಬರುತ್ತದೆ. ಹೆಚ್ಚಿನವರಿಗೆ ಕೆಲವು ತಿಂಗಳಿಂದ ಒಂದು ವರ್ಷದೊಳಗೆ. ಜೊಲ್ಲಿನ ಕಥೆ ಬೇರೆ. ಅದು ಎಷ್ಟು ಬರುತ್ತದೆ ಅನ್ನುವುದು ನಿಮ್ಮ ಜೊಲ್ಲು ಗ್ರಂಥಿಗಳಿಗೆ ಎಷ್ಟು ಡೋಸ್ ಬಿದ್ದಿದೆ ಅನ್ನುವುದರ ಮೇಲೆ ನಿಂತಿದೆ.

ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಊರುತ್ತದೆ. ಕಿವಿಯ ಮುಂದಿರುವ ಪೆರೋಟಿಡ್ ಗ್ರಂಥಿಗಳು ಮುಖ್ಯವಾಗಿ ಊಟದ ಹೊತ್ತಿಗೆ ನೀರಿನಂಥ ಜೊಲ್ಲು ಸುರಿಸುತ್ತವೆ. ಉಳಿದ ಹೊತ್ತು, ರಾತ್ರಿಯೂ ಸೇರಿ, ಬಾಯಿ ತೇವವಾಗಿರುವುದು ಹೆಚ್ಚಾಗಿ ದವಡೆಯ ಕೆಳಗಿನ ಗ್ರಂಥಿಗಳಿಂದ. ಅದಕ್ಕೇ ಕೆಲವರು ಹೇಗೋ ಊಟ ಮಾಡುತ್ತಾರೆ, ಆದರೆ ನಡುರಾತ್ರಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಎಚ್ಚರವಾಗುತ್ತದೆ.

ಗಡ್ಡೆಗೆ ಸಾಮಾನ್ಯವಾಗಿ ಆರೇಳು ವಾರಗಳಲ್ಲಿ 66ರಿಂದ 70 ಗ್ರೇ (ಕಿರಣದ ಡೋಸ್ ಅಳೆಯುವ ಮಾನ) ಕೊಡುತ್ತಾರೆ. ಪೆರೋಟಿಡ್‌ಗೆ ಬಿದ್ದ ಸರಾಸರಿ ಡೋಸ್ ಸುಮಾರು 26 ಗ್ರೇ ಒಳಗಿದ್ದರೆ ಒಂದೆರಡು ವರ್ಷದಲ್ಲಿ ಅದು ಚೇತರಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ಅದಕ್ಕಿಂತ ಜಾಸ್ತಿಯಾದಷ್ಟೂ ಕಷ್ಟ. ಈ ಅಂಕಿ ನಿಮ್ಮ ಚಿಕಿತ್ಸೆಯ ಪ್ಲಾನ್‌ನಲ್ಲೇ ಇರುತ್ತದೆ. ಮುಂದಿನ ಸಲ ಹೋದಾಗ ಕೇಳಿ, ಅದು ನಿಮ್ಮ ಹಕ್ಕು. ಗ್ರಂಥಿಗಳನ್ನು ತಪ್ಪಿಸಿ ಕಿರಣ ಬಿಡುವ ಐಎಂಆರ್‌ಟಿ ತಂತ್ರದಿಂದ ದೊಡ್ಡ ಅನುಕೂಲವಾಗಿದೆ. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಪಾರ್ಸ್‌ಪೋರ್ಟ್ ಪ್ರಯೋಗದಲ್ಲಿ, ಒಂದು ವರ್ಷದ ನಂತರ ಬಾಯಿ ಗಣನೀಯವಾಗಿ ಒಣಗುತ್ತಿದ್ದವರು ಹಳೆಯ ವಿಧಾನದಲ್ಲಿ ಶೇ. 74, ಐಎಂಆರ್‌ಟಿಯಲ್ಲಿ ಶೇ. 38.

ಆದರೆ ಜೊಲ್ಲು ಬರಲಿ ಅಂತ ಸುಮ್ನೆ ಕಾಯುತ್ತಾ ಕೂರಬೇಡಿ. ನನಗೆ ಜಾಸ್ತಿ ಚಿಂತೆ ಇರುವುದು ಈ ಕಾಯುವಿಕೆಯ ಬಗ್ಗೆಯೇ.

ಮೊದಲು ಹಲ್ಲು ನೋಡಿಕೊಳ್ಳಿ. ಜೊಲ್ಲು ಇಲ್ಲದ ಬಾಯಲ್ಲಿ ಹುಳುಕು ಬೇಗ ಹಿಡಿಯುತ್ತದೆ, ಅದೂ ಒಸಡಿನ ಅಂಚಿನಲ್ಲಿ, ಹಲ್ಲಿನ ಬುಡದಲ್ಲಿ. ಕನ್ನಡಿಯಲ್ಲಿ ನೋಡಿದರೆ ಅಲ್ಲಿ ಕಂದು ಗೆರೆ ಕಾಣಬಹುದು. ದಂತವೈದ್ಯರು ಹೇಳಿದ ಫ್ಲೋರೈಡ್ ಜೆಲ್ ಅಥವಾ ಪೇಸ್ಟ್ ದಿನವೂ ಬೇಕು. ಹಲ್ಲು ಕೀಳಿಸುವ ಮಾತು ಬಂದರೆ, ಎಷ್ಟೇ ವರ್ಷ ಕಳೆದಿರಲಿ, ರೇಡಿಯೇಷನ್ ಆಗಿದೆ ಅಂತ ಮೊದಲೇ ಹೇಳಿ. ಕಿರಣ ಬಿದ್ದ ದವಡೆಯ ಮೂಳೆಗೆ ರಕ್ತದ ಹರಿವು ಕಡಿಮೆ. ಕಿತ್ತ ಗಾಯ ಮಾಯದೆ ಮೂಳೆಯೇ ಸಾಯುವ ಅಪಾಯವಿದೆ.

ಬಾಯಿ ಅಗಲಿಸಿ, ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಮುಂಭಾಗದ ಹಲ್ಲುಗಳ ನಡುವೆ ತೂರಿಸಿ ನೋಡಿ. ತೂರದಿದ್ದರೆ ದವಡೆ ಬಿಗಿಯುತ್ತಿದೆ ಎಂದು ಅನುಮಾನಿಸಿ. 35 ಮಿಲಿಮೀಟರ್‌ಗಿಂತ ಕಡಿಮೆ ತೆರೆದರೆ ವೈದ್ಯರು ಅದನ್ನು ಟ್ರಿಸ್ಮಸ್ ಎನ್ನುತ್ತಾರೆ. ದವಡೆಯ ವ್ಯಾಯಾಮ ದಿನಕ್ಕೆ ಹಲವು ಸಲ ಬೇಕು. ನುಂಗುವುದೂ ಹಾಗೇ. ಗಂಟಲಿನ ಸ್ನಾಯುಗಳು ಕೆಲಸ ಬಿಟ್ಟರೆ ಗಡುಸಾಗುತ್ತವೆ. ನುಂಗುವ ವ್ಯಾಯಾಮ ಕಲಿಸುವ ಥೆರಪಿಸ್ಟ್ ಇದ್ದಾರೆ, ಕೇಳಿ ಪಡೆಯಿರಿ.

ಒಣಗುವಿಕೆಗೆ ಗುಟುಕು ಗುಟುಕು ನೀರು, ಸಕ್ಕರೆ ಇಲ್ಲದ ಚೂಯಿಂಗ್ ಗಮ್, ಮಲಗುವ ಮುಂಚೆ ಬಾಯಿಗೆ ಹಚ್ಚುವ ಜೆಲ್ ಸ್ವಲ್ಪ ಹಾಯೆನಿಸುತ್ತವೆ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ. ಉಳಿದ ಗ್ರಂಥಿಯನ್ನು ಎಚ್ಚರಿಸುವ ಪೈಲೋಕಾರ್ಪಿನ್ ಮಾತ್ರೆ ಕೆಲವರಿಗೆ ಒಗ್ಗುತ್ತದೆ, ಬೆವರು ಮಾತ್ರ ಜಾಸ್ತಿ. ಹತೋಟಿಗೆ ಬಾರದ ಆಸ್ತಮಾ, ಕೆಲವು ಬಗೆಯ ಗ್ಲಾಕೋಮಾ ಇದ್ದವರಿಗೆ ಅದು ಆಗದು.

ಸುಸ್ತು, ಬೇಸರ, ಚಳಿ ತಡೆಯದಿರುವುದು ಬಿಡದೆ ಕಾಡಿದರೆ ಎಲ್ಲವನ್ನೂ ಕ್ಯಾನ್ಸರ್ ಮೇಲೆ ಹಾಕಬೇಡಿ. ಕುತ್ತಿಗೆಗೆ ಕಿರಣ ಬಿದ್ದರೆ ಥೈರಾಯ್ಡ್ ಮಂದವಾಗಬಹುದು, ವರ್ಷಗಳ ಮೇಲೂ. 6ರಿಂದ 12 ತಿಂಗಳಿಗೊಮ್ಮೆ ಟಿಎಸ್‌ಎಚ್ (ಥೈರಾಯ್ಡ್ ಕೆಲಸ ತಿಳಿಸುವ ರಕ್ತ) ಪರೀಕ್ಷೆ ಮಾಡಿಸಿ. ಥೈರಾಯ್ಡ್ ಮಂದವಾಗಿದ್ದರೆ ಮಾತ್ರೆಯಿದೆ.

ಇನ್ನೊಂದು ಮಾತು. ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳ ಬದುಕಿನ ಗುಣಮಟ್ಟ ಅಳೆಯಲು ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಓಆರ್‌ಟಿಸಿ 35 ಪ್ರಶ್ನೆಗಳ ಪಟ್ಟಿ ಮಾಡಿದೆ. ಮನೆಯವರ ಮುಂದೆ ತಿನ್ನಲು ಕಷ್ಟವೇ, ಫೋನಿನಲ್ಲಿ ಮಾತಾಡಲು ತೊಂದರೆಯೇ, ಲೈಂಗಿಕ ಆಸಕ್ತಿ ತಗ್ಗಿದೆಯೇ ಅಂತಲೂ ಅದರಲ್ಲಿ ಕೇಳುತ್ತಾರೆ. ಅಂದರೆ ಇವೂ ಚಿಕಿತ್ಸೆಯ ವಿಷಯವೇ, ಅಲ್ವಾ? ಸ್ಕ್ಯಾನ್ ಚೆನ್ನಾಗಿದೆ ಅಂದ ಕೂಡಲೇ ಎದ್ದು ಬರಬೇಡಿ, ಇವನ್ನೂ ಡಾಕ್ಟರ ಮುಂದೆ ಹೇಳಿ.